ಮೊರೇರ ಗುಡ್ಡದ ಕಲ್ಮನೆಗಳು

ಗತಿಸಿದ ಹಿರಿಯರನ್ನು ನೆನೆಯದ ಮನೆ ನಮ್ಮ ನಾಡಿನಲ್ಲಿ ವಿರಳ. ಒಂದು ಮನೆಯಲ್ಲಿ ತಿಥಿಯನ್ನರಿತು ಪಿಂಡವಿಡುವರು. ಇನ್ನೊಂದರಲ್ಲಿ ಮಹಾಲಯದ ಅಮಾವಾಸ್ಯೆಯ ದಿನ ಹೊಸ ಬಟ್ಟೆಯಿಟ್ಟು ಎಡೆ ಹಾಕುವರು. ಮತ್ತೊಂದರಲ್ಲಿ ಗದ್ದುಗೆಗೆ ಹೂವೇರಿಸುವರು. ಮಗುದೊಂದರಲ್ಲಿ ಗೋರಿಯ ಬಳಿ ದೀಪ ಹಚ್ಚುವರು. ಕ್ರಮಗಳು ಬೇರೆಯಾದರೂ ಅವುಗಳ ಹಿಂದಿರುವ ಭಾವವು ಒಂದೇ. ನಮ್ಮನ್ನು ಹೆತ್ತು ಸಾಕಿದವರು ಕಣ್ಮರೆಯಾದ ಮಾತ್ರಕ್ಕೆ ನಮ್ಮವರಲ್ಲದೆ ಹೋಗರು ಎಂಬುದೇ ಆ ಭಾವ. ಆದರೆ ಈ ಸ್ಮರಣೆಯು ಎಷ್ಟು ತಲೆಗಳವರೆಗೆ ನಡೆದೀತು? ತಂದೆಯ ಹೆಸರು ಗೊತ್ತು. ಅಜ್ಜನ ಹೆಸರು ಗೊತ್ತು. ಮುತ್ತಜ್ಜನ ಹೆಸರನ್ನು ಕೇಳಿದರೆ ನಮ್ಮಲ್ಲಿ ಅನೇಕರು ಮನೆಯ ಹಿರಿಯರ ಮುಖವನ್ನು ನೋಡಬೇಕಾಗುವುದು. ಅದರಿಂದಾಚೆಗೆ ಕತ್ತಲು.

ಹೀಗಿರುವಲ್ಲಿ, ಎರಡು ಸಾವಿರ ವರ್ಷಗಳಿಗೂ ಹಿಂದೆ ತಮ್ಮವರಿಗಾಗಿ ಕಲ್ಲಿನ ಮನೆಗಳನ್ನು ಕಟ್ಟಿ, ಅವು ಇಂದಿನವರೆಗೂ ಬಿಸಿಲು ಮಳೆಗಳಿಗೆ ಜಗ್ಗದೆ ನಿಲ್ಲುವಂತೆ ಮಾಡಿದ ಜನರು ನಮ್ಮ ಕರ್ನಾಟಕದಲ್ಲಿಯೇ ಇದ್ದರೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ತಿಳಿಯದು. ಒಂದಕ್ಷರವನ್ನೂ ಅವರು ಬರೆದಿಟ್ಟಿಲ್ಲ. ತಾವು ವಾಸಿಸಿದ ಗುಡಿಸಲುಗಳನ್ನು ಅವರು ಮಣ್ಣು ಮರಗಳಿಂದ ಕಟ್ಟಿಕೊಂಡರು. ಅವು ಮಣ್ಣಿಗೆ ಸೇರಿಹೋದುವು. ಸತ್ತವರಿಗೆಂದು ಕಟ್ಟಿದುವು ಮಾತ್ರ ಉಳಿದಿರುವುವು. ಅಂತಹ ಕಲ್ಮನೆಗಳ ಒಂದು ಊರನ್ನೇ ನೋಡಬೇಕೆಂಬುವರು ಹಿರೇಬೆಣಕಲ್ಲಿಗೆ ಹೋಗಬೇಕು.

ಈ ಗ್ರಾಮವು ತುಂಗಭದ್ರೆಯ ಎಡದಂಡೆಯ ಕಡೆಗೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದೆ. ಗಂಗಾವತಿಯಿಂದ ಪಡುವಲಿಗೆ ಸುಮಾರು ೬ ಮೈಲಿ. ಹೊಸಪೇಟೆಯಿಂದ ಸುಮಾರು ೨೨ ಮೈಲಿ. ನದಿಯ ಆಚೆಯ ದಡದಲ್ಲಿ ಹಂಪೆ ಇದೆ. ಈಚೆಯ ದಡದಲ್ಲಿ ಆನೆಗೊಂದಿ ಇದೆ. ಹಂಪೆಯನ್ನು ನೋಡಲು ದೇಶವಿದೇಶಗಳಿಂದ ಜನರು ಬರುವರು. ಅವರಲ್ಲಿ ನದಿಯನ್ನು ದಾಟಿ ಈ ಗುಡ್ಡವನ್ನು ಹತ್ತುವವರು ಬಹಳ ಕಡಮೆ. ೧೩೩೬ರಲ್ಲಿ ವಿಜಯನಗರದ ರಾಜ್ಯವು ಸ್ಥಾಪಿತವಾದಾಗ ಈ ಗುಡ್ಡದ ಅತ್ಯಂತ ಕಿರಿಯ ಕಲ್ಮನೆಗೂ ಸುಮಾರು ೧೫೦೦ ವರ್ಷ ವಯಸ್ಸಾಗಿತ್ತು ಎಂಬುದನ್ನು ಮನಸ್ಸಿಗೆ ತಂದುಕೊಂಡರೆ, ನಾವು ಪುರಾತನವೆನ್ನುವ ಹಂಪೆಯೇ ನಿನ್ನೆ ಮೊನ್ನೆಯದಾಗಿ ತೋರುವುದು.

ಗುಡ್ಡಕ್ಕೆ ಮೋಟಾರು ಹೋಗುವ ದಾರಿಯಿಲ್ಲ. ಹೊಲಗಳನ್ನು ದಾಟಿ, ಮುಳ್ಳುಕಂಟಿಗಳ ನಡುವೆ, ಒಂದರ ಮೇಲೊಂದು ಪೇರಿಸಿದಂತಿರುವ ಗುಂಡುಗಳ ಸಂದಿನಲ್ಲಿ ಕಾಲ್ನಡೆಯಿಂದಲೇ ಏರಬೇಕು. ಇಲ್ಲಿನ ಬೆಟ್ಟಗಳ ಸಾಲನ್ನು ಏಳು ಗುಡ್ಡಗಳೆಂದು ಕರೆಯುವುದುಂಟು. ಕಲ್ಮನೆಗಳಿರುವ ಗುಡ್ಡಕ್ಕೆ ಮೊರೇರ ಗುಡ್ಡವೆಂದು ಹೆಸರು. ಆಸುಪಾಸಿನ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿರುವುವು. ಬೇಟೆಯಾಡುವವರು, ಕೈಯಲ್ಲಿ ಆಯುಧ ಹಿಡಿದವರು, ಸಾಲಾಗಿ ನಿಂತು ಕುಣಿಯುವವರು, ದನಗಳು, ಜಿಂಕೆಗಳು ಅವುಗಳಲ್ಲಿ ಕಾಣುವುವು. ಏದುಸಿರು ಬಿಡುತ್ತ ಮೇಲಿನ ಬಯಲನ್ನು ಮುಟ್ಟಿದೊಡನೆ ನೋಟವು ಬದಲಾಗುವುದು. ಬಂಡೆಯ ಹಾಸಿನ ಮೇಲೆ ಕಣ್ಣು ಹಾಯುವಷ್ಟು ದೂರ ಕಲ್ಲುಚಪ್ಪಡಿಗಳ ಮನೆಗಳು ನಿಂತಿರುವುವು. ಕೆಲವು ನೆಟ್ಟಗೆ ನಿಂತಿವೆ. ಕೆಲವು ಒಂದು ಪಕ್ಕಕ್ಕೆ ವಾಲಿವೆ. ಕೆಲವು ಬಿದ್ದು ಬರಿಯ ಚಪ್ಪಡಿಗಳಾಗಿವೆ. ಬಾಗಿಲುಗಳಿವೆ, ಮಾಡುಗಳಿವೆ, ನಡುವೆ ಓಣಿಗಳಂತಹ ಸಂದುಗಳಿವೆ. ಜನರು ಮಾತ್ರ ಇಲ್ಲ.

ಎಲ್ಲ ಬಗೆಯವೂ ಸೇರಿ ಇಲ್ಲಿ ೪೦೦ಕ್ಕೆ ಕಡಮೆಯಿಲ್ಲದಷ್ಟು ರಚನೆಗಳಿರುವುವು. ಕ್ರಿ. ಪೂ. ೮೦೦ರಿಂದ ಕ್ರಿ. ಪೂ. ೨೦೦ರವರೆಗಿನ ಕಾಲದಲ್ಲಿ ಇವು ಒಂದಾದ ಮೇಲೊಂದು ಕಟ್ಟಲ್ಪಟ್ಟುವೆಂದು ವಿದ್ವಾಂಸರು ಎಣಿಸಿದ್ದಾರೆ. ಕಟ್ಟುವ ರೀತಿಯು ಸರಳವಾಗಿದೆ. ಮೂರು ಅಥವಾ ನಾಲ್ಕು ದೊಡ್ಡ ಚಪ್ಪಡಿಗಳನ್ನು ಗೋಡೆಗಳಂತೆ ನಿಲ್ಲಿಸಿ, ಅವುಗಳ ಮೇಲೆ ಇನ್ನೂ ದೊಡ್ಡದೊಂದು ಚಪ್ಪಡಿಯನ್ನು ಮಾಡಿನಂತೆ ಹೊದಿಸಿದ್ದಾರೆ. ಗಾರೆಯಿಲ್ಲ, ಮೊಳೆಯಿಲ್ಲ, ಭಾರವೇ ಭಾರವನ್ನು ಹಿಡಿದು ನಿಲ್ಲಿಸಿದೆ. ದೊಡ್ಡ ಮನೆಗಳ ಎತ್ತರವು ೮ರಿಂದ ೧೦ ಅಡಿ. ಕೆಲವುಗಳಿಗೆ ಒಂದು ಪಕ್ಕವು ತೆರೆದಿರುವುದು. ಮತ್ತೆ ಕೆಲವುಗಳಲ್ಲಿ ನಾಲ್ಕು ಕಡೆಗೂ ಗೋಡೆಯಿದ್ದು, ಮುಂದಿನ ಚಪ್ಪಡಿಯಲ್ಲಿ ದುಂಡಗೆ ಒಂದು ಕಂಡಿಯನ್ನು ಕಡೆದಿರುವರು. ಇನ್ನು ಕೆಲವು ನೆಲದಲ್ಲಿ ಅರ್ಧ ಹುಗಿದಿರುವ ಕಲ್ಲಿನ ಪೆಟ್ಟಿಗೆಗಳು. ಕೆಲವು ಸುತ್ತಲೂ ಗುಂಡುಗಳನ್ನಿಟ್ಟ ಕಲ್ವೃತ್ತಗಳು. ಕೆಲವು ಸ್ವಭಾವಸಿದ್ಧವಾದ ಬಂಡೆಯ ಅಡಿಯನ್ನೇ ಚಪ್ಪಡಿಗಳಿಂದ ಮುಚ್ಚಿ ಮಾಡಿದ ಕೋಣೆಗಳು. ಇವೆಲ್ಲವನ್ನೂ ಸೇರಿಸಿ ಪಂಡಿತರು ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳೆಂದು ಕರೆಯುವರು. ಹಳ್ಳಿಗರು ಹೇಳುವ ಮೊರೇರ ಮನೆ ಎಂಬ ಹೆಸರೇ ಅದಕ್ಕಿಂತ ಚಿಕ್ಕದಾಗಿಯೂ ಚೊಕ್ಕವಾಗಿಯೂ ಇರುವುದು.

ಸಮಾಧಿಗಳಿಂದ ಸ್ವಲ್ಪ ಬೇರೆಯಾಗಿ ಇಲ್ಲಿ ಮತ್ತೊಂದು ವಿಶೇಷವಿದೆ. ಸುಮಾರು ೩೦ ಅಡಿ ಎತ್ತರದ ಗುಂಡೊಂದರ ಮೇಲೆ, ಬೋಗುಣಿಯನ್ನು ಕವುಚಿ ಹಾಕಿದಂತಹ ಅರೆಗೋಳದ ಕಲ್ಲೊಂದಿದೆ. ಅದರ ಅಗಲವು ೬ ಅಡಿಗಿಂತ ಹೆಚ್ಚು. ಎತ್ತರವು ಸುಮಾರು ೫ ಅಡಿ. ಮರದ ಕೊಡತಿಯಿಂದ ಬಡಿದರೆ ಅದು ನಗಾರಿಯಂತೆ ಮೊಳಗುವುದು; ಅದರ ಸದ್ದು ಅರ್ಧ ಮೈಲಿಗೂ ಮೇಲೆ ಕೇಳಿಸುವುದು. ಸಾವಿನ ಸುದ್ದಿಯನ್ನು ಸುತ್ತಣ ವಸತಿಗಳಿಗೆ ಸಾರುವುದಕ್ಕೋ, ಜನರನ್ನು ಕೂಡಿಸುವುದಕ್ಕೋ ಇದನ್ನು ಬಡಿಯುತ್ತಿದ್ದಿರಬಹುದು. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ತಮಟೆಯ ಸದ್ದು ಕೇಳಿದೊಡನೆ ಮಾಡುತ್ತಿರುವ ಕೆಲಸವನ್ನು ಬಿಟ್ಟು ಜನರು ಹೊರಗೆ ಬರುವುದನ್ನು ನೋಡಿದವರಿಗೆ ಈ ಊಹೆಯು ಅಸಂಗತವಾಗಿ ತೋರದು.

ಈ ಮೊರೇರೆಂದರೆ ಯಾರು? ಸುತ್ತಲಿನ ಜನರು ಇದಕ್ಕೊಂದು ಕಥೆ ಹೇಳುವರು. ಮೊರೇರು ಗೇಣುದ್ದದ ಕುಳ್ಳರಂತೆ. ಆದರೆ ಬೆಟ್ಟವನ್ನು ಸೀಳುವ ಬಲವಂತರಂತೆ. ಆಕಾಶದಿಂದ ಬೆಂಕಿಯ ಮಳೆ ಸುರಿಯುವುದೆಂದು ಅವರಿಗೆ ಮೊದಲೇ ತಿಳಿದು, ಅದರಿಂದ ಪಾರಾಗುವುದಕ್ಕೆ ಈ ಕಲ್ಲಿನ ಮನೆಗಳನ್ನು ಕಟ್ಟಿಕೊಂಡರಂತೆ, ಕಟ್ಟಿಕೊಂಡರೂ ಉಳಿಯಲಿಲ್ಲವಂತೆ. ಕಥೆಯನ್ನು ಕೇಳಿ ನಕ್ಕು ಬಿಡುವುದು ಸುಲಭ. ಆದರೆ ಅದನ್ನು ಕಟ್ಟಿದವರು ಕಣ್ಣುಬಿಟ್ಟು ನೋಡಿಯೇ ಕಟ್ಟಿದ್ದಾರೆ. ದೊಡ್ಡವರು ನೆಟ್ಟಗೆ ಹೋಗಲಾರದ ಕಂಡಿಯನ್ನು ಬಾಗಿಲೆಂದು ತಿಳಿದಾಗ, ಒಳಗಿದ್ದವರು ಕುಳ್ಳರೆನ್ನದೆ ಮತ್ತೇನೆನ್ನಬೇಕು? ಮೂವತ್ತು ಜನ ಕೂಡಿದರೂ ಮಿಸುಕದ ಚಪ್ಪಡಿಯನ್ನು ಮೇಲಿಟ್ಟವರನ್ನು ಬಲವಂತರೆನ್ನದೆ ಹೇಗಿರಬೇಕು? ಇವು ಬದುಕಿದವರ ಮನೆಗಳಲ್ಲ, ಸತ್ತವರ ಮನೆಗಳು ಎಂಬ ಒಂದು ಸಂಗತಿಯು ಮಾತ್ರ ಕಥೆಯಿಂದ ಜಾರಿಹೋಯಿತು. ಆದರೂ ಸಾವಿನ ನೆರಳು ಅದರಿಂದ ತೊಲಗಲಿಲ್ಲ. ಕಥೆಯ ಕೊನೆಯಲ್ಲಿ ಎಲ್ಲರೂ ಸತ್ತೇ ಹೋಗುವರಷ್ಟೆ.

ಮೊರೇರೆಂದರೆ ಮೌರ್ಯರಿರಬಹುದೆಂದು ಹೇಳುವವರೂ ಉಂಟು. ಹೆಸರುಗಳು ಸಮೀಪವಾಗಿವೆ, ಇದೇ ಜಿಲ್ಲೆಯ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಆದರೆ ಅಶೋಕನು ಆಳಿದುದು ಕ್ರಿ. ಪೂ. ಮೂರನೆಯ ಶತಮಾನದಲ್ಲಿ. ಅವನು ಹುಟ್ಟುವುದಕ್ಕೆ ನೂರಾರು ವರ್ಷಗಳ ಮೊದಲೇ ಇಲ್ಲಿ ಕಲ್ಮನೆಗಳು ಏಳತೊಡಗಿದ್ದುವು. ಆದಕಾರಣ ಇವುಗಳನ್ನು ಪಾಟಲಿಪುತ್ರದ ಅರಸರ ಕೆಲಸವೆನ್ನಲಾಗದು. ಇಲ್ಲಿನ ಮಣ್ಣಿನಲ್ಲಿಯೇ ಬಾಳಿದ ಜನರ ಕೆಲಸವೆನ್ನಬೇಕು.

ಈ ಗುಡ್ಡದ ಸಂಗತಿಯನ್ನು ಮೊದಲು ಬರಹಕ್ಕೆ ತಂದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು ಹದಿಹರೆಯದಲ್ಲಿಯೇ ಹಿಂದೂದೇಶಕ್ಕೆ ಬಂದು ನಿಜಾಮನ ಸೈನ್ಯವನ್ನು ಸೇರಿದನು. ಠಕ್ಕರ ವೃತ್ತಾಂತವನ್ನು ಕಾದಂಬರಿಯಾಗಿ ಬರೆದು ೧೮೩೯ರಲ್ಲಿ ಪ್ರಸಿದ್ಧನಾದನು. ೧೮೪೧ರಿಂದ ಸುರಪುರದ ಸಂಸ್ಥಾನದ ಮೇಲ್ವಿಚಾರಣೆಯನ್ನು ನಡಸಿದನು. ಹಿರೇಬೆಣಕಲ್ಲಿನ ಸಮಾಧಿಗಳನ್ನು ಈತನು ೧೮೩೫ರಲ್ಲಿಯೇ ಗುರುತಿಸಿದ್ದನು. ಮುಂದೆ ಸುರಪುರದ ಸೀಮೆಯ ರಾಜನಕೋಳೂರಿನಲ್ಲಿಯೂ ಭೀಮಾತೀರದ ಜೇವರ್ಗಿಯ ಕಡೆಯಲ್ಲಿಯೂ ಇಂತಹುವುಗಳನ್ನೇ ಕಂಡು, ಕೆಲವನ್ನು ಅಗೆಯಿಸಿ, ಅಳತೆ ತೆಗೆದು, ಚಿತ್ರ ಬರೆದನು. ಇಂತಹ ಸಮಾಧಿಗಳ ಕಡೆಗೆ ವಿದ್ವಾಂಸರ ಗಮನವು ಅದಕ್ಕೂ ಮೊದಲೇ ಹರಿದಿತ್ತು. ಮಲಬಾರಿನ ಪಾಂಡು ಕುಳಿಗಳನ್ನು ಕುರಿತು ಬ್ಯಾಬಿಂಗ್ಟನ್ ಎಂಬಾತನು ಬರೆದ ಲೇಖನವು ೧೮೨೩ರಲ್ಲಿ ಅಚ್ಚಾಗಿತ್ತು.

ಟೇಲರನಿಗೆ ಇವುಗಳನ್ನು ಕಂಡಾಗ ತನ್ನ ಸೀಮೆಯ ನೆನಪಾಯಿತು. ಬ್ರಿಟನ್ ಐರ್ಲೆಂಡುಗಳಲ್ಲಿಯೂ ಹೀಗೆಯೇ ನಿಲ್ಲಿಸಿದ ಚಪ್ಪಡಿಗಳ ಮೇಲೆ ಚಪ್ಪಡಿ ಹೊದಿಸಿದ ಸಮಾಧಿಗಳಿವೆ. ಎರಡೂ ಕಡೆಯವನ್ನು ಕಟ್ಟಿದವರು ಒಂದೇ ಕುಲದವರಾಗಿರಬೇಕೆಂದು ಆತನು ತರ್ಕಿಸಿದನು. ತರ್ಕವು ಸಹಜವಾದುದೇ, ಆದರೆ ನಿಲ್ಲಲಿಲ್ಲ. ಐರ್ಲೆಂಡಿನ ಕ್ಲೇರ್ ಪ್ರಾಂತದ ಸುಣ್ಣಕಲ್ಲಿನ ಬಯಲಿನಲ್ಲಿ ಪೌಲ್ನಬ್ರೋನ್ ಎಂಬ ಪ್ರಸಿದ್ಧ ಕಲ್ಗೋರಿಯಿದೆ. ೧೯೮೬ರಲ್ಲಿ ಅದನ್ನು ಅಗೆದಾಗ ೩೦ಕ್ಕೂ ಹೆಚ್ಚು ಮಂದಿಯ ಎಲುಬುಗಳು ದೊರೆತುವು. ಅದರ ವಯಸ್ಸು ೫೦೦೦ ವರ್ಷಗಳಿಗಿಂತ ಹೆಚ್ಚೆಂದು ತಿಳಿದುಬಂದಿತು. ಎಂದರೆ ಅದು ನಮ್ಮ ಮೊರೇರ ಮನೆಗಳಿಗಿಂತ ಎರಡು ಸಾವಿರ ವರ್ಷಗಳಿಗೂ ಮಿಕ್ಕು ಹಿರಿಯದು. ಇಷ್ಟು ಕಾಲ, ಇಷ್ಟು ದೂರಗಳ ಅಂತರವಿರುವಲ್ಲಿ ಕುಲಸಂಬಂಧವನ್ನು ಕಲ್ಪಿಸಲಾಗದು. ಆದರೂ ಇಬ್ಬರೂ ಒಂದೇ ಬಗೆಯ ಮನೆಯನ್ನು ಕಟ್ಟಿದರು. ಮಳೆ ಬಿಸಿಲುಗಳಿಂದಲೂ ಮೃಗಗಳಿಂದಲೂ ತಮ್ಮವರ ಎಲುಬುಗಳನ್ನು ಕಾಪಾಡಬೇಕೆಂಬ ಆಸೆಯು ಇಬ್ಬರಿಗೂ ಸಮಾನವಾಗಿತ್ತು. ಕೈಗೆ ಸಿಕ್ಕುವ ವಸ್ತುಗಳಲ್ಲಿ ಕಲ್ಲಿಗಿಂತ ಬಾಳಿಕೆಯುಳ್ಳದು ಇಬ್ಬರಿಗೂ ಇರಲಿಲ್ಲ.

ಹಾಗಾದರೆ ಈ ವಯಸ್ಸನ್ನು ತಿಳಿಯುವುದು ಹೇಗೆ? ಬರಹವಿಲ್ಲ, ಅರಸರ ಹೆಸರಿಲ್ಲ. ಇದಕ್ಕೆ ಉತ್ತರವು ಮಣ್ಣಿನಲ್ಲಿದೆ. ಈ ಮಾತನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ಏತಕ್ಕೆಂದರೆ ಮುಂದೆ ಹೇಳಬೇಕಾದುದಕ್ಕೆಲ್ಲ ಇದೇ ತಳಹದಿ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಅಲ್ಲಿಯೂ ಅಶೋಕನ ಶಾಸನವಿದೆ, ೧೮೯೨ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದರು. ಅಲ್ಲಿಯೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಮೈಸೂರಿನ ಪುರಾತತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಗೆತ ನಡಸಿದ್ದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಆ ಎರಡು ಸ್ಥಳಗಳನ್ನೂ ಮತ್ತೆ ಅಗೆಯಿಸಿದರು. ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದರೆ ಮೇಲೆ ಈಚಿನ ಬಟ್ಟೆಯೂ, ಅದರ ಕೆಳಗೆ ಅಮ್ಮನ ಸೀರೆಯೂ, ತಳದಲ್ಲಿ ಅಜ್ಜಿಯ ಕುಪ್ಪಸವೂ ದೊರೆಯುವ ಹಾಗೆ, ಜನರು ಬಾಳಿದ ನೆಲದಲ್ಲಿ ಹಳೆಯದು ಕೆಳಗೂ ಹೊಸದು ಮೇಲಕ್ಕೂ ಇರುವುದು. ಬ್ರಹ್ಮಗಿರಿಯಲ್ಲಿ ಎಲ್ಲಕ್ಕಿಂತ ಕೆಳಗೆ ನುಣುಪುಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸಿದವರ ಪದರವಿದ್ದಿತು. ಅದರ ಮೇಲೆ ಕಬ್ಬಿಣವನ್ನು ಬಲ್ಲ, ಕಲ್ಗೋರಿಗಳನ್ನು ಕಟ್ಟಿದವರ ಪದರವಿದ್ದಿತು. ಅದಕ್ಕೂ ಮೇಲೆ ಆಂಧ್ರರೆಂದು ಹೆಸರಾದ ಶಾತವಾಹನರ ಕಾಲದವರ ಪದರವಿದ್ದಿತು.

ಕ್ರಮವು ಹೀಗೆ ತಿಳಿಯಿತು. ವರ್ಷಗಳನ್ನು ತಿಳಿಯುವುದಕ್ಕೆ ಬೇರೆ ಸಾಕ್ಷಿಗಳು ಬೇಕಾದುವು. ಚಂದ್ರವಳ್ಳಿಯ ಶಾತವಾಹನರ ಕಾಲದ ಪದರದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೊಂದು ದೊರೆಯಿತು. ಆತನು ಆಳಿದುದು ಕ್ರಿ. ಶ. ೧೪ರಿಂದ ೩೭ರವರೆಗೆ. ಆ ನಾಣ್ಯವಿದ್ದ ಪದರವು ಆತನಿಗಿಂತ ಹಿಂದಿನದಾಗಲಾರದು. ಅದರ ಅಡಿಯಲ್ಲಿರುವುದೆಲ್ಲ ಅದಕ್ಕಿಂತ ಹಳೆಯದೇ ಆಗಬೇಕು. ಒಂದು ಸಣ್ಣ ನಾಣ್ಯವು ತಾನು ಬಿದ್ದ ಜಾಗದಲ್ಲಿಯೇ ಬಿದ್ದಿದ್ದುದರಿಂದ ಒಂದು ಜನಾಂಗದ ಕಾಲನಿರ್ಣಯಕ್ಕೆ ಸಾಕ್ಷಿಯಾಯಿತು. ಕಲ್ಗೋರಿಗಳು ಕ್ರಿ. ಪೂ. ಎರಡನೆಯ ಶತಮಾನದಿಂದ ಈಚಿನವೆಂದು ವೀಲರರು ಅಂದು ಎಣಿಸಿದರು. ಆಮೇಲೆ ಇದ್ದಲಿನ ಚೂರಿನಿಂದ ಕಾಲವನ್ನು ಎಣಿಸುವ ರೇಡಿಯೋ ಕಾರ್ಬನ್ ವಿಧಾನವು ಬಂದಿತು. ೧೯೬೫ರಲ್ಲಿ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡಸಿದ ಅಗೆತದಿಂದ, ಕಬ್ಬಿಣದ ಬಳಕೆಯು ಈ ನಾಡಿನಲ್ಲಿ ಕ್ರಿ. ಪೂ. ೧೦೦೦ದ ಹೊತ್ತಿಗೇ ಇದ್ದಿತೆಂದು ತೋರಿತು. ಹೀಗೆ ವೀಲರರ ಎಣಿಕೆಯು ತಿದ್ದುಪಡಿಯಾಯಿತು. ಅವರು ತೋರಿಸಿದ ಪದರಗಳ ಕ್ರಮವು ಮಾತ್ರ ಉಳಿಯಿತು.

ಸಮಾಧಿಗಳೊಳಗೆ ದೊರೆಯುವ ವಸ್ತುಗಳು ಆ ಜನರ ಸಂಸಾರವನ್ನು ನಮ್ಮ ಕಣ್ಣ ಮುಂದೆ ತರುವುವು. ಮೊದಲನೆಯದು ಮಡಕೆ ಕುಡಿಕೆಗಳು. ಇವುಗಳ ಒಳಮೈಯೂ ಬಾಯಂಚೂ ಕಪ್ಪು. ಹೊರಗಿನ ಕೆಳಭಾಗವು ಕೆಂಪು. ಕುಂಬಾರನು ಮಡಕೆಯನ್ನು ಆವಗೆಯಲ್ಲಿ ಬೋರಲಾಗಿ ಇಟ್ಟು ಸುಟ್ಟರೆ, ಗಾಳಿಯಾಡದ ಒಳಭಾಗವು ಕಪ್ಪಾಗಿ, ಗಾಳಿ ತಾಗುವ ಹೊರಭಾಗವು ಕೆಂಪಾಗುವುದೆಂದು ತಿಳಿದವರು ಹೇಳುವರು. ಎರಡನೆಯದು ಕಬ್ಬಿಣ: ಕೊಡಲಿ, ಉಳಿ, ಕುಡುಗೋಲು, ಬಾಣದ ಮೊನೆ, ಕತ್ತಿ, ಅಲ್ಲಲ್ಲಿ ಕುದುರೆಯ ಕಡಿವಾಣ. ಮೂರನೆಯದು ಮಣಿಗಳು, ಕೆಂಪು ಕಾರ್ನೀಲಿಯನ್ ಕಲ್ಲನ್ನು ಕೊರೆದು ಪೋಣಿಸಿದವು. ಅನ್ನದ ಮಡಕೆ, ದುಡಿಮೆಯ ಆಯುಧ, ಕೊರಳಿನ ಮಣಿ. ಬದುಕಿರುವಾಗ ಬೇಕಾಗಿದ್ದುವನ್ನೇ ಸತ್ತ ಮೇಲೂ ಜೊತೆಗಿಟ್ಟು ಕಳುಹಿದರು.

ಎಲುಬುಗಳು ಹೇಳುವ ಮಾತು ಇನ್ನೂ ಗಂಭೀರವಾದುದು. ಅನೇಕ ಕಡೆಗಳಲ್ಲಿ ಇಡೀ ಶವವನ್ನು ಒಳಗಿಟ್ಟಿಲ್ಲ. ಮೊದಲು ಬೇರೆಡೆಯಲ್ಲಿಟ್ಟು, ಮಾಂಸವು ಕರಗಿದ ಮೇಲೆ ಆಯ್ದ ಎಲುಬುಗಳನ್ನು ತಂದು ಕಲ್ಮನೆಯಲ್ಲಿ ಇರಿಸಿದರು. ಒಂದೇ ಕಲ್ಮನೆಯಲ್ಲಿ ಹಲವರ ಎಲುಬುಗಳು ಕೂಡಿರುವುದೂ ಉಂಟು. ಬ್ರಹ್ಮಗಿರಿಯ ಕಲ್ಪೆಟ್ಟಿಗೆಗಳಲ್ಲಿ ಇದು ಚೆನ್ನಾಗಿ ಕಂಡುಬಂದಿತು. ದುಂಡು ಕಂಡಿಯು ಏತಕ್ಕೆಂಬ ಪ್ರಶ್ನೆಗೆ ಇದರಿಂದಲೇ ಒಂದು ಉತ್ತರವು ಹೊರಡುವುದು: ಮೊದಲು ಹೋದವರ ಬಳಿಗೆ ಆಮೇಲೆ ಹೋದವರನ್ನು ಸೇರಿಸುವುದಕ್ಕೆ. ಸತ್ತವರ ಜೀವವು ಹೋಗಿ ಬರುವುದಕ್ಕೆಂದು ಹೇಳುವವರೂ ಇದ್ದಾರೆ. ಹಿರೇಬೆಣಕಲ್ಲಿನಲ್ಲಿ ಬರಿಯ ಬಂಡೆಯ ಮೇಲೆಯೇ ನಿಂತಿರುವ ಕೆಲವು ಕಲ್ಮನೆಗಳು ಎಲುಬನ್ನಿಡುವುದಕ್ಕೆಂದು ಕಟ್ಟಿದುವಲ್ಲ, ನೆನಪಿಗಾಗಿಯೇ ನಿಲ್ಲಿಸಿದುವು ಎಂಬ ಅಭಿಪ್ರಾಯವೂ ಉಂಟು. ಹೇಗಾದರಾಗಲಿ, ಇವು ಅವಸರದ ಕೆಲಸಗಳಲ್ಲ. ಸಾವು ಬಂದ ದಿನದ ಗೋಳಾಟದಲ್ಲಿ ಹತ್ತು ಟನ್ನು ಭಾರದ ಚಪ್ಪಡಿಯನ್ನು ಯಾರೂ ಏರಿಸಲಾರರು. ದುಃಖವು ತಣಿದ ಮೇಲೂ ತಣಿಯದ ಪ್ರೀತಿಯೊಂದು ಈ ಕೆಲಸವನ್ನು ಮಾಡಿಸಿತು.

ಮಾಡಿದ ರೀತಿಯನ್ನು ಗುಡ್ಡವೇ ತೋರಿಸುವುದು. ಇಲ್ಲಿನ ಬಂಡೆಯು ಬಿಸಿಲಿಗೂ ತಂಪಿಗೂ ಸಿಕ್ಕಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವ ಜಾತಿಯದು. ಆ ಪದರಗಳನ್ನು ಉಳಿಗಳಿಂದಲೂ ಬೆಣೆಗಳಿಂದಲೂ ಎಬ್ಬಿಸಿ, ಬೇಕಾದ ಅಳತೆಗೆ ಒಡೆದು, ಮರದ ಹಾರೆಗಳಿಂದ ಮೀಟುತ್ತ, ಹಗ್ಗ ಹಾಕಿ ಎಳೆಯುತ್ತ ಸಾಗಿಸಿರಬೇಕು. ಕಲ್ಲು ತೆಗೆದ ಜಾಗಗಳು ಇಂದಿಗೂ ಕಾಣುವುವು. ಅವುಗಳಲ್ಲೊಂದು ಬತ್ತದ ಕೊಳವಾಗಿ ಪರಿಣಮಿಸಿದೆ. ಸತ್ತವರ ಮನೆಗೆ ಕಲ್ಲು ಕೊಟ್ಟ ಹಳ್ಳವು ಬದುಕಿದ್ದವರಿಗೆ ನೀರು ಕೊಟ್ಟಿತು. ಇಷ್ಟು ಕೆಲಸವು ಒಬ್ಬ ಮಗನಿಂದ ಆಗತಕ್ಕದ್ದಲ್ಲ. ನೆಂಟರಿಷ್ಟರೂ ನೆರೆಯವರೂ ಕೂಡಬೇಕು, ಅವರಿಗೆ ಉಣಿಸಬೇಕು, ಅವರ ಮನೆಯಲ್ಲಿ ಸಾವಾದಾಗ ತಾನೂ ಹೆಗಲು ಕೊಡಬೇಕು. ನಾಲ್ಕು ಜನರ ಹೆಗಲಿಲ್ಲದೆ ಯಾರೂ ಮಣ್ಣು ಸೇರಲಾರರೆಂದು ನಾವು ಇಂದಿಗೂ ಹೇಳುವೆವಲ್ಲ, ಆ ಮಾತು ಈ ಗುಡ್ಡದಲ್ಲಿ ಕಲ್ಲಾಗಿ ನಿಂತಿದೆ.

ಇನ್ನು ವ್ಯಸನದ ಮಾತಿಗೆ ಬರಬೇಕಾಗಿದೆ. ಎರಡು ಸಾವಿರ ವರ್ಷಗಳ ಮಳೆಗಾಳಿಗಳಿಗೆ ಬೀಳದ ಮನೆಗಳು ಮನುಷ್ಯನ ಆಸೆಗೆ ಬೀಳುತ್ತಿರುವುವು. ಕಲ್ಲಿನ ಕೋಣೆಯನ್ನು ಕಂಡೊಡನೆ ಅದರಡಿಯಲ್ಲಿ ಹೊನ್ನಿನ ಕೊಪ್ಪರಿಗೆಯಿದೆಯೆಂಬ ಭ್ರಮೆಯು ಕೆಲವರನ್ನು ಹಿಡಿಯುವುದು. ಇರುಳಿನಲ್ಲಿ ಹಾರೆ ಗುದ್ದಲಿಗಳೊಡನೆ ಬಂದು, ಗೋಡೆಯ ಚಪ್ಪಡಿಯನ್ನು ಉರುಳಿಸಿ, ನೆಲವನ್ನು ಬಗೆದು ಹೋಗುವರು. ಹಿರೇಬೆಣಕಲ್ಲಿನಲ್ಲಿ ಮಾಡು ಕುಸಿದು ಬಿದ್ದ ಅನೇಕ ಮನೆಗಳು ಇಂತಹ ನಿಧಿಗಳ್ಳರ ಕೈವಾಡದ ಫಲ. ಕಲ್ಲಿನ ಗಣಿಯ ಕೆಲಸವು ಬೆಳೆದಂತೆಲ್ಲ ನಾಡಿನ ಇತರ ಗುಡ್ಡಗಳಲ್ಲಿಯೂ ಇಂತಹ ಗೋರಿಗಳು ಜಲ್ಲಿಯಾಗುವ ಭಯವಿದೆ.

ಇವರ ಆಸೆಯು ಪಾಪವೆಂಬುದು ಹಾಗಿರಲಿ, ಮೂರ್ಖತನವೂ ಹೌದು. ಈ ಸೀಮೆಯಲ್ಲಿ ಮುದ್ರೆಯೊತ್ತಿದ ನಾಣ್ಯವು ಬಳಕೆಗೆ ಬರುವುದಕ್ಕೆ ಮೊದಲೇ ಇವುಗಳಲ್ಲಿ ಹಲವು ಕಟ್ಟಿ ಮುಗಿದಿದ್ದುವು. ಹೊನ್ನಿನ ಕೊಪ್ಪರಿಗೆಯನ್ನು ಹೂಳಬೇಕಾದರೆ ಹೊನ್ನಾದರೂ ಇರಬೇಡವೆ? ಒಳಗೆ ಸಿಕ್ಕುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ, ಪುಡಿಯಾದ ಎಲುಬು. ಕಳ್ಳನು ಅವುಗಳನ್ನು ಬಯ್ದು ಹೊರಗೆ ಬಿಸಾಡುವನು. ಆದರೆ ನಿಜವಾದ ನಿಧಿಯು ಅದೇ. ಯಾವ ಎಲುಬಿನ ಬಳಿ ಯಾವ ಮಡಕೆಯಿತ್ತು, ಅದರ ಕೆಳಗೇನಿತ್ತು, ಮೇಲೇನಿತ್ತು ಎಂಬ ಕ್ರಮವೊಂದೇ ಆ ಜನರು ನಮಗೆ ಬಿಟ್ಟುಹೋದ ಪತ್ರ. ಚಂದ್ರವಳ್ಳಿಯ ನಾಣ್ಯವನ್ನೇ ನೆನೆಯಿರಿ. ಅದನ್ನು ಕಳ್ಳನೊಬ್ಬನು ಮೊದಲೇ ಕಿತ್ತೊಯ್ದಿದ್ದರೆ ಅಕ್ಕಸಾಲೆಯ ತಕ್ಕಡಿಯಲ್ಲಿ ಒಂದು ಚೂರು ಬೆಳ್ಳಿಯಾಗುತ್ತಿತ್ತು. ಒಂದು ಕಾಲದ ಸಾಕ್ಷಿಯಾಗುತ್ತಿರಲಿಲ್ಲ. ಬಿದ್ದ ಕಲ್ಲನ್ನು ಮತ್ತೆ ನಿಲ್ಲಿಸಬಹುದು. ಕಲಕಿದ ಮಣ್ಣನ್ನು ಯಾವ ಪಂಡಿತನೂ ಮತ್ತೆ ಪದರಗಳಾಗಿ ಜೋಡಿಸಲಾರನು.

ಇವುಗಳ ರಕ್ಷಣೆಗೆ ಕಾಯಿದೆಗಳಿವೆ, ಪುರಾತತ್ವ ಇಲಾಖೆಗಳಿವೆ. ೨೦೨೧ರಲ್ಲಿ ಹಿರೇಬೆಣಕಲ್ಲು ವಿಶ್ವಪರಂಪರೆಯ ಸ್ಥಳಗಳ ಸಂಭಾವ್ಯ ಪಟ್ಟಿಯಲ್ಲಿಯೂ ಸೇರಿತು. ಇದು ಸಂತೋಷದ ಸಂಗತಿ. ಆದರೆ ಗುಡ್ಡಗುಡ್ಡಕ್ಕೂ ಕಾವಲುಗಾರನನ್ನು ನಿಲ್ಲಿಸುವುದು ಯಾವ ಸರಕಾರದಿಂದಲೂ ಆಗತಕ್ಕ ಕೆಲಸವಲ್ಲ. ಕಲ್ಗೋರಿಗಳಾದರೋ ನಾಡಿನ ಉದ್ದಗಲಕ್ಕೂ ಇವೆ. ಐಹೊಳೆಯ ಮೇಗುಟಿ ಬೆಟ್ಟದ ಮೇಲೆ, ೬೩೪ರ ರವಿಕೀರ್ತಿಯ ಶಾಸನವಿರುವ ಬಸದಿಯ ಹಿಂಬದಿಯಲ್ಲಿಯೇ ಇವೆ, ಕೊಡಗಿನ ಗುಡ್ಡಗಳಲ್ಲಿವೆ, ಹೆಸರಿಲ್ಲದ ಎಷ್ಟೋ ಹಳ್ಳಿಗಳ ಗೋಮಾಳಗಳಲ್ಲಿವೆ. ಕೆಲವೆಡೆಗಳಲ್ಲಿ ಪಾಂಡವರ ಮನೆಗಳೆಂದು ಕರೆದು ಜನರು ಅವುಗಳನ್ನು ಮುಟ್ಟದೆ ಉಳಿಸಿದ್ದಾರೆ. ಮೊರೇರ ಕಥೆಯೂ, ಪಾಂಡವರ ಕಥೆಯೂ ಚರಿತ್ರೆಯಲ್ಲದಿರಬಹುದು; ಆದರೆ ಇಷ್ಟು ಶತಮಾನಗಳ ಕಾಲ ಈ ಮನೆಗಳನ್ನು ಕಾದ ಕಾವಲುಗಾರರು ಆ ಕಥೆಗಳೇ. ಕಥೆಯ ಮೇಲಿನ ಭಯಭಕ್ತಿಯು ಹೋದ ಮೇಲೆ, ಅದರ ಜಾಗಕ್ಕೆ ತಿಳಿವಳಿಕೆಯು ಬಾರದೆ ಹೋದರೆ, ಗುದ್ದಲಿಯೇ ಬರುವುದು.

ಆದುದರಿಂದ ಗೃಹಸ್ಥರಾದ ನಮ್ಮಿಂದ ಆಗತಕ್ಕ ಕೆಲಸವೂ ಇದೆ. ನಮ್ಮ ಊರಿನ ಹೊಲದಲ್ಲಿಯೋ ಗುಡ್ಡದಲ್ಲಿಯೋ ಇಂತಹ ಕಲ್ಲುಗಳಿದ್ದರೆ ಅವುಗಳನ್ನು ಒಡೆಯದೆ, ಅಗೆಯದೆ, ಬದುವಿಗೆ ಎಳೆಯದೆ ಬಿಡೋಣ. ಮಡಕೆಯ ಚೂರೊಂದು ಉಳುವಾಗ ಮೇಲಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಹೇಳಿಕಳುಹೋಣ. ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸೋಣ. ಮೊರೇರ ಕಥೆಯನ್ನೂ ಹೇಳೋಣ, ಬ್ರಹ್ಮಗಿರಿಯ ಪದರಗಳ ಸಂಗತಿಯನ್ನೂ ಹೇಳೋಣ. ಎರಡನ್ನೂ ಕೇಳಿದ ಮಗು ದೊಡ್ಡದಾದ ಮೇಲೆ ಗುದ್ದಲಿ ಹಿಡಿದು ಇರುಳಿನಲ್ಲಿ ಅಲ್ಲಿಗೆ ಹೋಗದು.

ಆ ಕಲ್ಮನೆಗಳಲ್ಲಿ ಮಲಗಿರುವವರು ನಮಗೆ ಏನಾಗಬೇಕೆಂದು ಯಾರೂ ವಂಶವೃಕ್ಷ ಬರೆದು ತೋರಿಸಲಾರರು. ಆದರೆ ಅವರು ಕಾಯಿಸಿದ ಕಬ್ಬಿಣ, ಉತ್ತ ನೆಲ, ಕಟ್ಟಿದ ಕೆರೆಕುಂಟೆಗಳ ಮೇಲೆಯೇ ನಮ್ಮ ಬಾಳು ಬೆಳೆದುಬಂದಿತು. ತಿಥಿಯಿಲ್ಲದ, ಹೆಸರಿಲ್ಲದ, ಎಡೆಯಿಡುವ ಮಕ್ಕಳಿಲ್ಲದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದುದು ಒಂದೇ: ಅವರ ಮನೆಯನ್ನು ಅವರಿಗೇ ಬಿಡುವುದು.